ನಾಲ್ಕನೇ ಕಿಟಕಿಯ ಸೀಸೆ

ನಮ್ಮ ಊರಿನಲ್ಲಿ ಹಾಲು ತಾನಾಗಿ ಹುಳಿಯಾಗುವುದಿಲ್ಲ, ಹಿಟ್ಟು ತಾನಾಗಿ ಉಬ್ಬುವುದಿಲ್ಲ, ಸತ್ತದ್ದು ತಾನಾಗಿ ಮಣ್ಣಾಗುವುದಿಲ್ಲ. ಎಲ್ಲದಕ್ಕೂ ಕಚೇರಿಗೆ ಬರಬೇಕು. ಬೋರ್ಡಿನ ಮೇಲೆ ಸರ್ಕಾರಿ ಸೂಕ್ಷ್ಮಜೀವಿ ಸಂಗ್ರಹಾಲಯ ಎಂದು ಬರೆದಿದೆ. ಜನ ಹೆಪ್ಪಿನ ಕಚೇರಿ ಎನ್ನುತ್ತಾರೆ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯುತ್ತದೆ. ಒಂದನೇ ಕಿಟಕಿಯಲ್ಲಿ ಮೊಸರಿನ ಹೆಪ್ಪು, ದೋಸೆ ಹಿಟ್ಟಿನ ಹೆಪ್ಪು. ಎರಡನೆಯದರಲ್ಲಿ ಬೇಕರಿಯವರಿಗೆ, ಔಷಧ ಕಾರ್ಖಾನೆಯವರಿಗೆ, ನೀಲಿ ಬಣ್ಣದ ತೊಟ್ಟಿಯವರಿಗೆ ಬೇಕಾದದ್ದು ಸಿಗುತ್ತದೆ. ಮೂರನೆಯದು ಗೊಬ್ಬರದ ಗುಂಡಿಗಳದ್ದು. ನಾಲ್ಕನೇ ಕಿಟಕಿಯಲ್ಲಿ ನಾನು ಕೂರುತ್ತೇನೆ. ಇಪ್ಪತ್ತೆರಡು ವರ್ಷಗಳಿಂದ ಕೂತಿದ್ದೇನೆ. ಅಲ್ಲಿಗೆ ಬರುವವರು ಸಾಮಾನ್ಯವಾಗಿ ಇಬ್ಬರು ಸೇರಿ ಬರುತ್ತಾರೆ, ಒಬ್ಬರು ಮಾತಾಡಲು, ಒಬ್ಬರು ಸಹಿ ಮಾಡಲು.

ಸಹಿ ಮಾಡಿದವರಿಗೆ ನಾನು ಹೆಬ್ಬೆರಳಿನ ಗಾತ್ರದ ಒಂದು ಸೀಸೆ ಕೊಡುತ್ತೇನೆ. ಅದರ ಮೇಲೆ ತೀರಿಕೊಂಡವರ ಹೆಸರಿನ ಚೀಟಿ ಇರುತ್ತದೆ. ಒಳಗಿನ ನೀರು ಸ್ವಲ್ಪ ಮಬ್ಬಾಗಿರುತ್ತದೆ. ಅದರಲ್ಲಿರುವುದು ಶೀತಲ ಕೋಣೆಯಿಂದ ಆಗಷ್ಟೇ ಬಂದದ್ದು, ನಿದ್ದೆಯಲ್ಲಿರುತ್ತದೆ. ಹತ್ತಿರದ ಸಂಬಂಧಿ ಅದನ್ನು ಸೊಂಟಕ್ಕೆ ಕಟ್ಟಿಕೊಂಡು, ಮೈ ಬಿಸಿಗೆ ತಾಗುವಂತೆ ಒಂದು ಹಗಲು ಓಡಾಡಬೇಕು. ಸಂಜೆ ಹೊತ್ತಿಗೆ ಅದು ಎಚ್ಚರಾಗುತ್ತದೆ. ಆಮೇಲೆ ಸ್ಮಶಾನ. ಶವವನ್ನು ಗುಂಡಿಯಲ್ಲಿಳಿಸಿದ ಮೇಲೆ ಸೀಸೆ ಕಟ್ಟಿಕೊಂಡವರು ಮಾತ್ರ ಅಂಚಿನಲ್ಲಿ ನಿಲ್ಲುತ್ತಾರೆ. ಉಳಿದವರೆಲ್ಲ ಬೆನ್ನು ತಿರುಗಿಸಬೇಕು. ಸುರಿಯುವುದನ್ನು ನೋಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಮಾರನೇ ದಿನ ಖಾಲಿ ಸೀಸೆ ನನ್ನ ಕಿಟಕಿಗೆ ವಾಪಸು ಬರುತ್ತದೆ. ಮೂರನೇ ವಾರದಲ್ಲಿ ಗುಂಡಿಯ ಮೇಲಿನ ಮಣ್ಣಿನ ದಿಬ್ಬ ಕುಸಿಯುತ್ತದೆ. ಕುಸಿಯುವ ತನಕ ಆ ಮನೆಯವರು ಒಂದನೇ ಕಿಟಕಿಗೆ ಹೋಗುವಂತಿಲ್ಲ. ಮೊಸರಿಲ್ಲ, ಹುಳಿಯಿಲ್ಲ, ಸಪ್ಪೆ ಊಟ. ಕುಸಿದ ಮರುದಿನ ಬಂದು ಹೆಪ್ಪು ಒಯ್ಯುತ್ತಾರೆ. ಅಲ್ಲಿಗೆ ಸೂತಕ ಮುಗಿಯಿತು.

ಆರು ವರ್ಷಗಳ ಹಿಂದೆ ಕಾಶವ್ವ ನನ್ನ ಕಿಟಕಿಗೆ ಒಬ್ಬಳೇ ಬಂದಳು. ಆಕೆ ನೀಲಗಾರರ ಓಣಿಯವಳು. ನೂಲಿಗೆ ನೀಲಿ ಹಾಕುವ ತೊಟ್ಟಿ ಆಕೆಯದು. ಎರಡೂ ಕೈ ಮೊಳಕೈವರೆಗೆ ನೀಲಿ. ಗಂಡನ ಸೀಸೆಯನ್ನೂ ನನ್ನ ಕಿಟಕಿಯಿಂದಲೇ ಒಯ್ದಿದ್ದಳು, ಆಗ ಹೊಟ್ಟೆಯಲ್ಲಿ ಮಗುವಿತ್ತು. ಈಗ ಸತ್ತದ್ದು ಆ ಮಗು. ನಿಂಬೆವ್ವ, ಒಂಬತ್ತು ವರ್ಷ, ನಾಲ್ಕು ದಿನದ ಜ್ವರ. ಕಾಶವ್ವ ಅರ್ಜಿ ತುಂಬಿ ಸಹಿ ಮಾಡಿದಳು, ಸೀಸೆಯನ್ನು ಸೊಂಟಕ್ಕೆ ಕಟ್ಟಿಕೊಂಡಳು, ಮಾರನೇ ದಿನ ಖಾಲಿ ಸೀಸೆ ತಂದುಕೊಟ್ಟಳು. ಎಲ್ಲ ನಿಯಮದ ಪ್ರಕಾರವೇ ಇತ್ತು, ಒಂದನ್ನು ಬಿಟ್ಟು: ಸೀಸೆಯನ್ನು ತೊಳೆದಿದ್ದಳು. ಅಷ್ಟು ವರ್ಷಗಳಲ್ಲಿ ಯಾರೂ ಅದನ್ನು ತೊಳೆದು ತಂದದ್ದು ನಾನು ನೋಡಿರಲಿಲ್ಲ. ಸ್ಮಶಾನದಿಂದ ಬರುವ ಸೀಸೆಗೆ ಮಣ್ಣು ಮೆತ್ತಿರುತ್ತದೆ. ಅದನ್ನು ತೊಳೆಯುವಷ್ಟು ವ್ಯವಧಾನ ಯಾರಿಗೂ ಇರುವುದಿಲ್ಲ. ನಾನು ‘ಸ್ವೀಕರಿಸಿದೆ’ ಎಂದು ಬರೆದುಕೊಂಡೆ.

ಒಂದನೇ ಕಿಟಕಿಯಲ್ಲಿ ಕೂರುವವಳು ಸಾವಂತ್ರಿ. ಎರಡು ತಿಂಗಳಾದ ಮೇಲೆ ಆಕೆ ಕೇಳಿದಳು: “ಆ ನೀಲಿ ಕೈ ಕಾಶವ್ವ ಮೊಸರಿಗೆ ಬರಲೇ ಇಲ್ಲ ನೋಡ್ರಿ. ದಿಬ್ಬ ಕುಸಿದೈತಿ ಅಂತಾರ.”

“ಮರೆತಿರಬೇಕು,” ಅಂದೆ.

“ಮೊಸರು ಯಾರರ ಮರೀತಾರೇನ್ರಿ? ನಿಮ್ಮ ಹೆಸರರ ಮರೀಬಹುದು.”

ಅದೇ ವಾರ ಸ್ಮಶಾನದಲ್ಲಿ ದಿಬ್ಬಗಳ ತಪಾಸಣೆಗೆ ಹೋಗಿದ್ದೆ. ಕಾಶವ್ವ ಮಗಳ ದಿಬ್ಬದ ಪಕ್ಕ ಕುಕ್ಕರಗಾಲಲ್ಲಿ ಕೂತು, ಮಣ್ಣನ್ನು ಬೊಗಸೆಯಿಂದ ಕೆರೆದು ಮಡಿಲಿಗೆ ತುಂಬಿಕೊಳ್ಳುತ್ತಿದ್ದಳು. ದಿಬ್ಬ ಆಗಲೇ ನೆಲಕ್ಕೆ ಸಮವಾಗಿತ್ತು. ಮಡಿಲು ತುಂಬಿದ ಮೇಲೆ ಎದ್ದು, ನನ್ನನ್ನು ನೋಡದೆ, ಕಸ ಹೊತ್ತವಳ ಹಾಗೆ ನಡೆದು ಹೋದಳು. ನಿಯಮದ ಪ್ರಕಾರ ನಾನು ಅದನ್ನು ವರದಿ ಮಾಡಬೇಕಿತ್ತು. ಮಾಡಲಿಲ್ಲ.

ಹೋದ ವರ್ಷ ಆಷಾಢದಲ್ಲಿ ಮೊದಲ ದೂರು ಬಂತು. ಒಂದು ದಿಬ್ಬ ಆರು ವಾರವಾದರೂ ಕುಸಿದಿಲ್ಲ. ಆಮೇಲೆ ಇನ್ನೊಂದು. ಶ್ರಾವಣ ಮುಗಿಯುವ ಹೊತ್ತಿಗೆ ಎಂಟು. ನಮ್ಮ ನಿರ್ದೇಶಕಿ ಇನಾಮದಾರ ಮೇಡಂ ಗಾಜಿನ ಪೆಟ್ಟಿಗೆಯಲ್ಲಿ ಮಣ್ಣು ತುಂಬಿಸಿ, ಆಡಿನ ಮಾಂಸದ ತುಂಡು ಹೂತು, ಸೀಸೆಗೆ ತುಂಬುವುದನ್ನು ನಾನು ಬೆಳೆಸಿಡುವ ಗಾಜಿನ ನಳಿಕೆಯಿಂದ ತೆಗೆದು ಸುರಿದರು. ಇಪ್ಪತ್ತೈದನೇ ದಿನ ತೆಗೆದು ನೋಡಿದಾಗ ಮಾಂಸ ಅಂಗಡಿಯಿಂದ ತಂದಂತೆಯೇ ಇತ್ತು.

ತಪ್ಪು ನನ್ನದು. ಇಂಥವನ್ನು ಸುಮ್ಮನೆ ಇಟ್ಟುಕೊಳ್ಳಲಾಗುವುದಿಲ್ಲ. ನಲವತ್ತು ದಿನಕ್ಕೊಮ್ಮೆ ಹಳೆಯ ನಳಿಕೆಯಿಂದ ಹೊಸ ನಳಿಕೆಗೆ ದಾಟಿಸಬೇಕು. ಪ್ರತಿ ಸಲ ಮೂರು ನಳಿಕೆ ಬೆಳೆಸುತ್ತಿದ್ದೆ, ಮುಂದಿನ ಸಲಕ್ಕೆ ಆ ಮೂರರಲ್ಲಿ ಚೆನ್ನಾಗಿ ಬೆಳೆದದ್ದನ್ನು ಆರಿಸುತ್ತಿದ್ದೆ. ಯಾರಾದರೂ ಹಾಗೇ ಮಾಡುತ್ತಾರೆ. ಇಪ್ಪತ್ತೆರಡು ವರ್ಷ ಹಾಗೆ ಆರಿಸಿದೆ. ನನ್ನ ನಳಿಕೆಗಳನ್ನು ನೋಡಲು ಬೇರೆ ವಿಭಾಗದವರು ಬರುತ್ತಿದ್ದರು, ಅಷ್ಟು ದಟ್ಟವಾಗಿ ಬೆಳೆಯುತ್ತಿದ್ದವು. ನಳಿಕೆಯಲ್ಲಿ ಬಾಳುವುದನ್ನು ಅವು ಚೆನ್ನಾಗಿ ಕಲಿತವು, ಮಣ್ಣಿನಲ್ಲಿ ಮಾಡಬೇಕಾದ ಕೆಲಸವನ್ನು ಮರೆತವು.

ಮೂಲ ಪ್ರತಿಗಳು ಹಿಂದಿನ ಕಟ್ಟಡದಲ್ಲಿದ್ದವು, ಗಾಜಿನ ಕೊಳವೆಗಳಲ್ಲಿ ಒಣಗಿಸಿ ಮುದ್ರೆ ಹಾಕಿದ ಮೂವತ್ತು ಪ್ರತಿಗಳು. ಯಾವ ತಳಿಗೆ ಕೈಗಾರಿಕೆಗಳಿಂದ ಬೇಡಿಕೆ ಇದೆಯೋ ಅದಕ್ಕೆ ಮಾತ್ರ ಶೀತಲ ವ್ಯವಸ್ಥೆ ಎಂದು ಮೇಲಿನಿಂದ ಆದೇಶ ಬಂದಿತ್ತು. ನಾಲ್ಕನೇ ಕಿಟಕಿಯದನ್ನು ಯಾವ ಕಾರ್ಖಾನೆ ಕೇಳೀತು? ಆ ಕಟ್ಟಡದ ವಿದ್ಯುತ್ ನಿಲ್ಲಿಸಿ ಹದಿನಾಲ್ಕು ತಿಂಗಳಾಗಿತ್ತು, ನಡುವೆ ಎರಡು ಬೇಸಿಗೆ ಕಳೆದಿದ್ದವು. ಮೂವತ್ತನ್ನೂ ಒಂದೊಂದಾಗಿ ಒಡೆದು ಬೆಳೆಸಲು ನೋಡಿದೆವು. ಒಂದೂ ಎಚ್ಚರವಾಗಲಿಲ್ಲ. ಬೇರೆ ಊರುಗಳಿಗೆ ಪತ್ರ ಬರೆದೆವು. ಅಲ್ಲಿ ಸತ್ತವರು ತಾವಾಗಿಯೇ ಮಣ್ಣಾಗುತ್ತಾರಂತೆ, ಅಂಥದ್ದನ್ನು ಯಾರೂ ಸಂಗ್ರಹಿಸಿಟ್ಟಿರಲಿಲ್ಲ. ಒಂದು ಊರಿನವರು ಇದೇನು ತಮಾಷೆಯೇ ಎಂದು ಕೇಳಿದರು. ಇನ್ನೊಂದು ಊರಿನವರು ಒಂದು ಚೀಲ ಮಣ್ಣು ಕಳಿಸಿದರು. ನಮ್ಮ ಗಡಿ ದಾಟಿದ ಮೇಲೆ ಅದು ಬರೀ ಮಣ್ಣಾಗಿತ್ತು. ಸುಟ್ಟರೆ ಹೇಗೆ ಎಂದು ಪುರಸಭೆಯ ಸಭೆಯಲ್ಲಿ ಒಬ್ಬರು ಅಂದರು. ಆ ಪದ್ಧತಿ ನಮ್ಮಲ್ಲಿಲ್ಲ. ಸಭೆ ಮುಂದಿನ ವಿಷಯಕ್ಕೆ ಹೋಯಿತು.

ಮಾಘದ ಹೊತ್ತಿಗೆ ಕುಸಿಯದ ದಿಬ್ಬಗಳು ಮೂವತ್ತೊಂದು. ಮೂವತ್ತೊಂದು ಮನೆಗಳಲ್ಲಿ ಸಪ್ಪೆ ಊಟ. ಎಣ್ಣೆ ಗಾಣದ ಫಕೀರಪ್ಪ ದಿನಾ ಬೆಳಿಗ್ಗೆ ಎಂಟಕ್ಕೆ ನನ್ನ ಕಿಟಕಿಯ ಮುಂದೆ ನಿಲ್ಲುತ್ತಿದ್ದ. ವಯಸ್ಸು ಎಪ್ಪತ್ತರ ಹತ್ತಿರ. ಹೆಂಡತಿ ತೀರಿಕೊಂಡು ಐದು ತಿಂಗಳು.

“ಏನಂತೈತ್ರಿ ಅಣ್ಣಾರ, ನಿಮ್ಮ ನೀರು?”

“ಇನ್ನೂ ಇಲ್ಲ, ಫಕೀರಪ್ಪಾ.”

“ನನ್ನ ಹೆಂಡ್ತಿ ಕಾಯಾಕತ್ತಾಳ. ಜೀವ ಇದ್ದಾಗ ಆಕಿ ನನಗಂತ ಒಂದು ತಾಸು ಕಾದಾಕಿ ಅಲ್ಲ. ಈಗ ನೋಡ್ರಿ, ಎಷ್ಟು ಸೈರಣಿ ಬಂದೈತಿ.” ಹಾಗೆಂದು ನಗುತ್ತಿದ್ದ. ಆಮೇಲೆ ಮೂರನೇ ಕಿಟಕಿಯತ್ತ ನೋಡಿ, “ಗೊಬ್ಬರದ್ದರ ಕೊಡ್ರಿ ಅತ್ಲಾಗ,” ಅನ್ನುತ್ತಿದ್ದ. ಅದು ಎಲೆ, ಸೆಗಣಿಗಳನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಬೆಂಚಿನ ಮೇಲೆ ಅರ್ಧ ಗಂಟೆ ಕೂತು ಎದ್ದು ಹೋಗುತ್ತಿದ್ದ. ದಿನದಿಂದ ದಿನಕ್ಕೆ ಸೊರಗುತ್ತಿದ್ದ.

ತೊಳೆದ ಸೀಸೆಯ ನೆನಪು ನನಗೆ ಆಗ ಬಂತು ಎಂದರೆ ಸುಳ್ಳಾಗುತ್ತದೆ. ಅದು ಮೊದಲ ದೂರು ಬಂದ ದಿನವೇ ಬಂದಿತ್ತು. ಏಳು ತಿಂಗಳು ನಾನು ಆ ಓಣಿಗೆ ಹೋಗದೆ ಇದ್ದೆ.

ಹೋದಾಗ ಕಾಶವ್ವ ತೊಟ್ಟಿಯಿಂದ ನೂಲಿನ ಲಡಿ ಎತ್ತಿ ಹಿಂಡುತ್ತಿದ್ದಳು. ಲಡಿ ಹಸಿರಾಗಿ ಹೊರಬಂದು ಗಾಳಿ ತಾಗಿದಂತೆ ನೀಲಿಯಾಗುತ್ತಿತ್ತು. ಕಾಶವ್ವ ನನ್ನನ್ನು ನೋಡಿದಳು, ಲಡಿಯನ್ನು ಗಳಕ್ಕೆ ಹಾಕಿದಳು, ಸೆರಗಿಗೆ ಕೈ ಒರೆಸಿಕೊಂಡಳು.

“ಇಷ್ಟು ದಿನ ಹಿಡೀತೇನ್ರಿ, ಅಣ್ಣಾರ? ನಾ ಹೋದ ಮಳಿಗಾಲದಾಗ ಬರ್ತೀರಿ ಅಂದ್ಕೊಂಡಿದ್ದೆ.”

“ಆ ಸೀಸೆಯಲ್ಲಿದ್ದದ್ದು ಇದೆಯೇನು?”

ಸೊಂಟದಿಂದ ಒಂದು ಬಾಟಲಿ ತೆಗೆದಳು. ಔಷಧದ ಬಾಟಲಿ, ಅರ್ಧ ತುಂಬಿತ್ತು, ಸುತ್ತ ಬಟ್ಟೆ ಹೊಲಿದಿತ್ತು. ನನ್ನ ಕೈಗೆ ಕೊಡಲಿಲ್ಲ, ತೋರಿಸಿದಳು.

“ತೊಟ್ಟಿಗೆ ಹಾಕುವ ಬೆಲ್ಲದ ನೀರಲ್ಲೇ ಆರು ವರ್ಷ ಇಟ್ಟಿದ್ದರೆ ಅದು ಕೆಲಸ ಮರೆತಿರುತ್ತದೆ, ಕಾಶವ್ವಾ. ನಮ್ಮವೂ ಹಾಗೇ ಕೆಟ್ಟವು.”

“ಬರೇ ಬೆಲ್ಲ ಯಾರು ಹಾಕ್ತಾರ್ರಿ? ಬರೇ ಬೆಲ್ಲ ಹಾಕಿದ್ರ ನನ್ನ ತೊಟ್ಟೀನೂ ಸೋಮಾರಿ ಆಗ್ತೈತಿ.” ತೊಟ್ಟಿಯತ್ತ ಗದ್ದ ಎತ್ತಿದಳು. “ತಿಂಗಳಿಗೊಮ್ಮೆ ಸತ್ತ ಗುಬ್ಬಿನೋ ಇಲೀನೋ ಹುಡುಕ್ತೀನಿ. ಕುಂಡದಾಗ ಮಣ್ಣು ಹಾಕಿ, ಅದನ್ನಿಟ್ಟು, ಮ್ಯಾಲ ನಾಕು ಹನಿ. ಪೂರಾ ಕರಗಿದ ಮ್ಯಾಲ ಅದೇ ಮಣ್ಣಿನ ನೀರು ಸೋಸಿ ಮತ್ತ ಬಾಟ್ಲಿಗೆ. ಕೆಲಸ ಕೊಡಬೇಕ್ರಿ. ಕೊಡಲಿಲ್ಲ ಅಂದ್ರ ಯಾರರ ನೆನಪಿಟ್ಗೊಂತಾರ?”

ಸತ್ತ ಗುಬ್ಬಿಗಳನ್ನು ನಮ್ಮಲ್ಲಿ ಪುರಸಭೆಯವರು ಗುಡಿಸಿ ಒಯ್ಯುತ್ತಾರೆ. ಅವರಿಗಿಂತ ಮೊದಲೇ ಎದ್ದು ಆಕೆ ಆರು ವರ್ಷ ಅವನ್ನು ಹುಡುಕಿದ್ದಳು. ಸುರಿಯಲು ಇಷ್ಟವಿಲ್ಲದವಳು ಅದನ್ನು ಅಷ್ಟು ಜತನವಾಗಿ ಕೆಲಸಕ್ಕೆ ಸಿದ್ಧವಾಗಿಡುವುದು ಏಕೆ? ನಾನು ಕೇಳಿದೆ.

“ಸುರಿಯಾಂಗಿಲ್ಲ ಅಂತ ನಾ ಯಾವಾಗಂದೆ?” ಕಾಶವ್ವ ನನ್ನ ಮುಖ ನೋಡಿದಳು. “ಅವತ್ತು ಎಲ್ಲಾರೂ ಬೆನ್ನು ಮಾಡಿ ನಿಂತ್ರು. ನನ್ನ ಕೈ ಬರಲಿಲ್ಲ. ನಾಳೆ ಬಂದು ಸುರೀತೀನಿ ಅಂದ್ಕೊಂಡೆ. ದಿನಾ ನಾಳೇನ ಆತು. ನಾಳೆ ಅಂದಮ್ಯಾಲ ಅದು ತಯಾರಿರಬೇಕಲ್ರಿ?”

ನಾನು ದಿಬ್ಬಗಳ ವಿಷಯ ಹೇಳಿದೆ. ಎಲ್ಲ ಗೊತ್ತಿತ್ತು ಆಕೆಗೆ. ಒಂದು ಚಮಚ ಸಾಕು, ಅದರಿಂದ ಕಚೇರಿಯಲ್ಲಿ ಬೆಳೆಸಿಕೊಳ್ಳುತ್ತೇವೆ, ಯಾರಿಗೂ ಹೇಳುವುದಿಲ್ಲ ಎಂದೆ.

“ನಿಂಬೆವ್ವನ ಹೆಸರಿಲೆ ಬಂದದ್ದನ್ನ ಮಂದಿ ತಮ್ಮವರಿಗೆ ಸುರಿತಾರೇನು?”

ಅದು ನಿಜ. ಒಬ್ಬರ ಹೆಸರಿನ ಸೀಸೆಯಿಂದ ಬಂದದ್ದು ಮೊದಲು ಅವರಿಗೆ ಸಲ್ಲಬೇಕು. ಸಲ್ಲದೆ ಇನ್ನೊಬ್ಬರಿಗೆ ಸುರಿದರೆ ಇಬ್ಬರೂ ನಡುದಾರಿಯಲ್ಲಿ ಉಳಿಯುತ್ತಾರೆ ಎಂಬ ನಂಬಿಕೆ ಹಳೆಯದು. ಕಚೇರಿಯ ನಿಯಮ ಬಂದದ್ದೂ ಅದರಿಂದಲೇ. ಮೇಡಂ ಸಹಿ ಮಾಡಿ ನಿಯಮವನ್ನು ತಿದ್ದಬಹುದಿತ್ತು. ನಂಬಿಕೆಯನ್ನು ತಿದ್ದಲು ಅರ್ಜಿ ಇಲ್ಲ.

“ಯಾರಿಗೂ ಹೇಳಬ್ಯಾಡ್ರಿ,” ಅಂದಳು. “ನಾಳೆ ಬರ್ತೀನಿ.”

ಮಾರನೇ ದಿನ ಬರಲಿಲ್ಲ. ಅದರ ಮಾರನೇ ದಿನವೂ ಬರಲಿಲ್ಲ. ನಾಲ್ಕನೇ ದಿನ ಫಕೀರಪ್ಪ ಬೆಂಚಿನಿಂದ ಏಳಲು ಹೋಗಿ ಗೋಡೆ ಹಿಡಿದು ನಿಂತ. ನಾನು ಕಿಟಕಿ ಮುಚ್ಚಿ ಹೊರಗೆ ಬಂದು, ಅವನಿಗೆ ಎಲ್ಲವನ್ನೂ ಹೇಳಿದೆ. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ ಎಂಬುದನ್ನೂ ಹೇಳಿದೆ. ಸಿಟ್ಟಾಗುತ್ತಾನೆ, ಉಳಿದ ಮೂವತ್ತು ಮನೆಯವರನ್ನು ಕರೆಯುತ್ತಾನೆ ಎಂದು ನಾನು ಎಣಿಸಿದ್ದೆ.

“ಆರು ವರ್ಷ ಸಪ್ಪಗ ಉಂಡಾಳೇನ್ರಿ ಆಕಿ?” ಎಂದು ಮಾತ್ರ ಕೇಳಿದ.

ಅವನನ್ನು ನಾನೇ ಕರೆದುಕೊಂಡು ಹೋದೆ. ಕಾಶವ್ವ ನಮ್ಮಿಬ್ಬರನ್ನೂ ನೋಡಿ ಎದ್ದು ನಿಂತಳು. ಕೈ ಸೊಂಟದ ಮೇಲಿತ್ತು. “ಹೇಳಿದ್ರೀ,” ಎಂದಳು ನನಗೆ. ನಾನು ಹೌದೆಂದೆ.

ಫಕೀರಪ್ಪ ತೊಟ್ಟಿಯ ಕಟ್ಟೆಯ ಮೇಲೆ ಕೂತು ಕುಡಿಯಲು ನೀರು ಕೇಳಿದ. ಕುಡಿದು ಚೊಂಬು ಕೆಳಗಿಟ್ಟ.

“ತಂಗೆವ್ವಾ, ನನಗೇನೂ ಅವಸರಿಲ್ಲ. ಒಂದು ಮಾತು ಕೇಳಾಕ ಬಂದೆ. ರೊಟ್ಟಿ ಜೋಡಿ ಏನು ಉಣ್ತಿ ನೀ?”

“ಬ್ಯಾಳಿ. ಉಪ್ಪು, ಖಾರ.”

“ದಿನಾ?”

“ದಿನಾ.”

“ನನಗ ಐದು ತಿಂಗಳಿಗೇ ನಾಲಿಗಿ ಸತ್ತೈತಿ. ಸೊಸಿ ಏನು ಮಾಡಿ ಹಾಕಿದ್ರೂ ಬೂದಿ ಉಂಡಂಗ. ಆಕಿಗೆ ಬೈತೀನಿ, ಆಕಿ ನನಗ ಬೈತಾಳ. ನಮ್ಮಾಕಿ ಇದ್ದಿದ್ರ ಇಬ್ಬರಿಗೂ ಬೈತಿದ್ಲು.” ರುಮಾಲು ಸರಿಮಾಡಿಕೊಂಡ. “ಮುದುಕೀನ ಹೂತು ಬಂದ ಮ್ಯಾಲೂ ನಾ ದಿನಾ ಹೋಗಿ ನೋಡ್ತೀನವ್ವಾ. ಒಳಗ ಹಂಗೇ ಅದಾಳ ಅನಸ್ತೈತಿ. ಮಾತಾಡಸ್ತೀನಿ. ಮೊದಲ ಮೊದಲ ಚಲೋ ಅನಸ್ತಿತ್ತು. ಈಗ ಬ್ಯಾಸರಾಗೈತಿ. ಆಕೀಗೂ ಆಗಿರಬೇಕು, ನನ್ನ ಮಾತು ಕೇಳಿ ಕೇಳಿ. ಸತ್ತ ಮ್ಯಾಲರ ಆರಾಮ ಇರಲಿ ಅಂದ್ರ ಬಿಡವಲ್ಲೆ ನಾ.”

ಕಾಶವ್ವ ತೊಟ್ಟಿಯೊಳಗೆ ನೋಡುತ್ತ ನಿಂತಿದ್ದಳು. ನೊರೆಯನ್ನು ಒಂದು ಬೆರಳಿಂದ ಪಕ್ಕಕ್ಕೆ ಸರಿಸಿದಳು.

“ನಮ್ಮ ನಿಂಬೆವ್ವ ಮಾತಾಡಸಿದ್ರ ಬ್ಯಾಸರ ಮಾಡ್ಕೊಳ್ಳಾಕಿ ಅಲ್ಲ,” ಎಂದಳು. ಆಮೇಲೆ, “ಇಷ್ಟು ವರ್ಷ ಒಬ್ಬಾಕೀನ ಅದಾಳ,” ಎಂದಳು.

ಕಾಶವ್ವ ಒಳಗೆ ಹೋಗಿ, ಕೈ ತೊಳೆದು, ಬಾಗಿಲಿಗೆ ಚಿಲಕ ಹಾಕಿ ಬಂದಳು. ತೊಳೆದರೂ ಆ ಕೈ ನೀಲಿಯೇ.

ಸ್ಮಶಾನ ತಲುಪಿದಾಗ ಮಧ್ಯಾಹ್ನ ಮೂರು ದಾಟಿತ್ತು. ಕುಸಿಯದ ದಿಬ್ಬಗಳ ನಡುವೆ ದಾರಿ ಮಾಡಿಕೊಂಡು ಹೋದೆವು. ನಿಂಬೆವ್ವನನ್ನು ಹೂತ ಜಾಗ, ಕಾಶವ್ವ ಮಣ್ಣು ಕೆರೆದು ಒಯ್ದದ್ದರಿಂದ, ಸಮನೆಲವಾಗಿತ್ತು, ತಲೆಯ ಕಡೆ ಒಂದು ಕಲ್ಲು. ನಾನು ಕಾವಲುಗಾರನಿಂದ ಹಾರೆ ತಂದೆ. ಆರು ವರ್ಷದ ನಂತರ ಸುರಿಯುವುದಾದರೆ ಹಾರೆಯಿಂದ ಆಳವಾದ ತೂತು ಮಾಡಿ ಅದರೊಳಗೆ ಬಿಡಬೇಕು.

ಕಾಶವ್ವ ಹಾರೆಯನ್ನು ನೋಡಿದಳು. “ತೆಗೆದು ಒಂದ್ಸಲ ನೋಡಬಹುದೇನ್ರಿ?”

ನಾನು ನಿಯಮವನ್ನು ನೆನಪು ಮಾಡಿಕೊಂಡೆ. ನೋಡಬಾರದು ಎಂದು ಎಲ್ಲಿಯೂ ಬರೆದಿಲ್ಲ. “ನೋಡಬಹುದು,” ಅಂದೆ. ಮೂರೂವರೆ ಅಡಿ ಕೆಳಗೆ ಆ ಹುಡುಗಿ, ಕಣ್ಣು ಮುಚ್ಚಿದ ದಿನ ಹೇಗಿದ್ದಳೋ ಹಾಗೆಯೇ, ಒಂಬತ್ತು ವರ್ಷದವಳಾಗಿಯೇ ಇದ್ದಳು. ಅದರಲ್ಲಿ ನಮ್ಮ ಮೂವರಿಗೂ ಸಂಶಯವಿರಲಿಲ್ಲ. ಫಕೀರಪ್ಪ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು, ಅಗೆಯಲು ನಾನೂ ಕೈ ಹಚ್ಚುತ್ತೇನೆ ಎನ್ನುವಂತೆ ಒಂದು ಹೆಜ್ಜೆ ಮುಂದೆ ಬಂದ.

ಕಾಶವ್ವ ನೆಲದ ಮೇಲೆ ಕೂತಳು. ಅಂಗೈ ಮಣ್ಣಿನ ಮೇಲಿಟ್ಟಳು. ಹತ್ತಿರದ ಬೇವಿನಲ್ಲಿ ಒಂದು ಕಾಗೆ ಕೂಗುತ್ತಿತ್ತು. ಅದು ಹಾರಿಹೋದ ಎಷ್ಟೋ ಹೊತ್ತಿನ ಮೇಲೆ ತಲೆಯೆತ್ತಿದಳು.

“ಬ್ಯಾಡ. ನೋಡಿದ್ನಂದ್ರ ಸುರಿಯಾಂಗಿಲ್ಲ ನಾ.”

ನಾನು ತೂತು ಮಾಡಿದೆ. ಆಮೇಲೆ ಫಕೀರಪ್ಪನೂ ನಾನೂ ಬೆನ್ನು ತಿರುಗಿಸಿದೆವು.

“ಅಣ್ಣಾರ,” ಎಂದಳು ಹಿಂದಿನಿಂದ. “ನೀವು ತಿರುಗಬ್ಯಾಡ್ರಿ. ಇತ್ತಾಗ ನೋಡ್ರಿ. ಯಾರೂ ನೋಡಲಿಲ್ಲ ಅಂದ್ರ ನಾ ಮತ್ತ ಮನೀಗೆ ಒಯ್ತೀನಿ.”

ಇಪ್ಪತ್ತೆರಡು ವರ್ಷಗಳಲ್ಲಿ ನಾನು ಸುರಿಯುವುದನ್ನು ನೋಡಿದ್ದು ಅದೊಂದೇ ಸಲ. ಬಾಟಲಿಯ ಬಿರಡೆ ಬಿಗಿಯಾಗಿತ್ತು, ಹಲ್ಲಿನಿಂದ ತೆಗೆದಳು. ಬಾಟಲಿಯ ಬಾಯಿಯನ್ನು ತೂತಿಗೆ ಹಿಡಿದಳು. ನೀರು ಬರುವ ಮೊದಲೇ ಕೈ ಹಿಂದಕ್ಕೆ ಬಂತು. ಮತ್ತೆ ಹಿಡಿದಳು, ಮತ್ತೆ ಹಿಂದಕ್ಕೆ ಬಂತು. ಮೂರನೇ ಸಲ ಎಡಗೈಯಿಂದ ತನ್ನ ಬಲಗೈ ಮಣಿಕಟ್ಟನ್ನು ಹಿಡಿದು ಬಗ್ಗಿಸಿದಳು. ಬಾಟಲಿಯಲ್ಲಿದ್ದುದರಲ್ಲಿ ಅರ್ಧ ಹೋಯಿತು. ಸದ್ದೇನೂ ಆಗಲಿಲ್ಲ. ಉಳಿದರ್ಧವನ್ನು ಬಿರಡೆ ಹಾಕಿ ನನಗೆ ಕೊಟ್ಟಳು. ಬಾಟಲಿ ಇನ್ನೂ ಬೆಚ್ಚಗಿತ್ತು.

ಕಚೇರಿಯಲ್ಲಿ ಅದನ್ನು ಮೇಡಂ ತಾವೇ ಒಂಬತ್ತು ನಳಿಕೆಗಳಿಗೆ ಹಾಕಿದರು. ನಳಿಕೆಗಳು ನೋಡಲು ಚೆನ್ನಾಗಿರಲಿಲ್ಲ. ತೆಳ್ಳಗೆ, ಅಲ್ಲಲ್ಲಿ ಮಾತ್ರ ಬೆಳೆದವು. “ಇದೇ ಇರಲಿ, ಇದರೊಳಗ ಆರಸಾಕ ಹೋಗಬ್ಯಾಡ್ರಿ,” ಎಂದರು ಮೇಡಂ. ಗಾಜಿನ ಪೆಟ್ಟಿಗೆಯಲ್ಲಿ ಇನ್ನೊಂದು ಮಾಂಸದ ತುಂಡು ಹೂತೆವು. ಹದಿನೈದನೇ ದಿನಕ್ಕೆ ಅದು ಅರ್ಧ ಕರಗಿತ್ತು. ಆದರೂ ಸೀಸೆ ಕೊಡಲು ಆರಂಭಿಸಲಿಲ್ಲ. ಊರು ಕಾಯುತ್ತಿದ್ದದ್ದು ಪೆಟ್ಟಿಗೆಯನ್ನಲ್ಲ.

ಅಷ್ಟರಲ್ಲಿ ಸುದ್ದಿ ಎಲ್ಲರಿಗೂ ತಿಳಿದಿತ್ತು. ದಿನಾ ಸಂಜೆ ಕೆಲವರು ಸ್ಮಶಾನಕ್ಕೆ ಹೋಗಿ ಆ ಸಮನೆಲವನ್ನು ನೋಡಿ ಬರುತ್ತಿದ್ದರು. ಕಾಶವ್ವನೂ ಹೋಗುತ್ತಿದ್ದಳು, ಅವರಿಂದ ಸ್ವಲ್ಪ ದೂರ ನಿಲ್ಲುತ್ತಿದ್ದಳು. ಎಲ್ಲರೂ ಒಂದೇ ಜಾಗವನ್ನು ನೋಡುತ್ತಿದ್ದರು, ಎಲ್ಲರೂ ಅದು ಕುಸಿಯಲಿ ಎಂದು ಬೇಡಿಕೊಳ್ಳುತ್ತಿದ್ದರು. ಕಾಶವ್ವ ಏನು ಬೇಡಿಕೊಳ್ಳುತ್ತಿದ್ದಳು ಎಂದು ನಾನು ಕೇಳಲಿಲ್ಲ.

ಸುರಿದ ಹತ್ತೊಂಬತ್ತನೇ ದಿನ ಬೆಳಿಗ್ಗೆ ಕಾವಲುಗಾರ ಕಚೇರಿಗೆ ಓಡಿ ಬಂದ. ನಾನು ಹೋಗುವಷ್ಟರಲ್ಲಿ ನಲವತ್ತು ಐವತ್ತು ಜನ ಸೇರಿದ್ದರು. ಕಲ್ಲಿನಿಂದ ಒಂದು ಮೊಳ ಈಚೆಗೆ ನೆಲ ತಗ್ಗಾಗಿತ್ತು, ಮಗು ಮಲಗಿ ಎದ್ದ ಹಾಸಿಗೆಯಲ್ಲಿ ಉಳಿಯುವಂಥ ತಗ್ಗು. ಒಂದು ಕೋಲನ್ನು ಅಡ್ಡ ಇಟ್ಟು ಕೆಳಗೆ ಬೆರಳಿಟ್ಟು ಅಳೆದೆ. “ನಾಲ್ಕು ಬೆರಳು,” ಎಂದೆ. ಯಾರೋ ಜೋರಾಗಿ ಉಸಿರು ಬಿಟ್ಟರು. ಒಬ್ಬ ಹೆಂಗಸು ಪಕ್ಕದವಳ ಹೆಗಲಿಗೆ ಒರಗಿ ಅತ್ತಳು. ಫಕೀರಪ್ಪ ಕಣ್ಣು ಒರೆಸಿಕೊಂಡು ತನ್ನ ಹೆಂಡತಿಯ ದಿಬ್ಬದತ್ತ ನಡೆದ. ಉಳಿದವರೂ ಒಬ್ಬೊಬ್ಬರಾಗಿ ತಮ್ಮ ತಮ್ಮ ದಿಬ್ಬಗಳತ್ತ ಹೋದರು.

ಕಾಶವ್ವ ಮಾತ್ರ ಉಳಿದಳು. ತಗ್ಗಿನ ಅಂಚಿನಲ್ಲಿ ಕೂತು, ನಾನು ಹೇಳಿದ ಅಳತೆ ಸರಿಯೇ ಎಂದು ನೋಡುವಂತೆ ತನ್ನ ನಾಲ್ಕು ಬೆರಳನ್ನು ಅದರಲ್ಲಿಟ್ಟಳು. ಕಣ್ಣು ಒಣಗಿಯೇ ಇತ್ತು. ಮಗಳ ಸೀಸೆಗೆ ಸಹಿ ಮಾಡಿದ ದಿನವೂ ಒಣಗಿಯೇ ಇತ್ತು.

“ಎಷ್ಟು ದಿನ ಆತ್ರಿ,” ಎಂದು ಕೇಳಿದಳು, “ಆಕಿ ಹೋಗಿ?”

ಆರು ವರ್ಷ, ಮೂರು ತಿಂಗಳು ಚಿಲ್ಲರೆ. ತಾರೀಖು ನನಗೆ ಬಾಯಿಪಾಠವಿತ್ತು, ಸುಳ್ಳು ಲೆಕ್ಕ ಹೇಳಿ ನನಗೆ ಅಭ್ಯಾಸವೂ ಇಲ್ಲ.

“ಹತ್ತೊಂಬತ್ತು,” ಎಂದೆ.

“ಹತ್ತೊಂಬತ್ತು,” ಎಂದಳು ಕಾಶವ್ವ. ಇನ್ನೊಮ್ಮೆ ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ಸೆರಗನ್ನು ಬಾಯಿಗೆ ಹಿಡಿದು, ಮಗು ಸತ್ತು ಹತ್ತೊಂಬತ್ತು ದಿನವಾದ ತಾಯಿ ಅಳುವಂತೆ ಅಳತೊಡಗಿದಳು. ನಾನು ಬೆನ್ನು ತಿರುಗಿಸಿ ನಿಂತೆ.